ಬದಲಿಸಿಕೊಡದ ಚೀಟಿ

ಇವತ್ತು ಬೆಳಿಗ್ಗೆ ಒಂದು ಬೈಕಿನ ಕಾಗದಪತ್ರ ಹುಡುಕುತ್ತ ಅಂಗಡಿಯ ಡ್ರಾಯರ್ ಎಳೆದೆ. ಕಾಗದದ ಮೇಲೆ ಒಂದು ಹಳದಿ ಚೀಟಿ ಕೂತಿತ್ತು. ಮೂಸಿದರೆ ಪೆಟ್ರೋಲು, ಇನ್ನಷ್ಟು ಮೂಸಿದರೆ ಜೋಳದ ಹಿಟ್ಟು. ಎದುರಿಗೆ ನಿಂತಿದ್ದ ಗಿರಾಕಿ ಚೀಟಿ ಮೂಸುವ ವ್ಯಾಪಾರಿಯನ್ನು ಹಿಂದೆಂದೂ ಕಂಡಿರಲಿಲ್ಲವೇನೋ, ಒಂದು ಹೆಜ್ಜೆ ಹಿಂದೆ ಸರಿದ.

ಮಸ್ಕಿಯಲ್ಲಿ ಹಳೆ ಬೈಕು ಕೊಂಡು ಮಾರುವುದು ನನ್ನ ಧಂದೆ. ಯಾರ ಹಂಗೂ ಇಲ್ಲದೆ ಬರೀ ಬಾಯಿಂದ ಕಟ್ಟಿದ್ದು. ಆದ್ದರಿಂದ ನಿಮಗೊಂದು ಪುಕ್ಕಟೆ ಸಲಹೆ ಕೊಟ್ಟೇ ಮುಂದೆ ಹೋಗುತ್ತೇನೆ: ಹಳೆ ಬೈಕು ನೋಡಲು ಹೋದಾಗ ಮೊದಲು ಸೈಲೆನ್ಸರ್ ಹತ್ತಿರ ಕೈ ಹಿಡಿಯಿರಿ. ಬಿಸಿ ಇದ್ದರೆ, ನೀವು ಬರುವ ಮುಂಚೆಯೇ ಹತ್ತು ಸಲ ಒದ್ದು ಅದನ್ನು ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಿದ್ದರೆ ಅದು ಸುಲಭಕ್ಕೆ ಏಳದು ಎಂದು ತಿಳಿಯಿರಿ. ನನ್ನ ಅಂಗಡಿಯಲ್ಲಿ ಮಾತ್ರ ಇದನ್ನು ಪರೀಕ್ಷಿಸಬೇಡಿ.

ಚೀಟಿಯ ವಿಷಯ. ನಮ್ಮ ಚರ್ಚಿನ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಒಂದು ಸ್ಟೀಲ್ ಡಬ್ಬಿ ಸುತ್ತು ಬರುತ್ತದೆ. ಒಳಗೆ ಬೈಬಲಿನ ವಾಕ್ಯಗಳ ಚೀಟಿ. ಕಣ್ಣು ಮುಚ್ಚಿ ಒಂದನ್ನೆತ್ತಬೇಕು. ಬಂದ ವಾಕ್ಯವೇ ಆ ವರ್ಷವಿಡೀ ನಿಮ್ಮದು. ಡಬ್ಬಿ ಹಿಡಿಯುತ್ತಿದ್ದವಳು ನಮ್ಮ ಮನೆಯಲ್ಲೇ ಇದ್ದ ನನ್ನ ದೊಡ್ಡವ್ವ, ಎಸ್ತರಮ್ಮ. ಮೂರು ವರ್ಷದ ಹಿಂದೆ ಅಕ್ಕಪಕ್ಕದವರಿಗೆಲ್ಲ ಆಶೀರ್ವಾದ, ಸಮೃದ್ಧಿ ಇಂಥವೇ ಬಂದವು. ನನಗೆ ಬಂದದ್ದು, ಕೇಳುವುದಕ್ಕೆ ಅವಸರಪಡು, ಮಾತಾಡುವುದಕ್ಕೆ ತಡಮಾಡು ಎಂಬರ್ಥದ ವಾಕ್ಯ. ಮೀನಿಗೆ ಈಜಬೇಡ ಎಂದ ಹಾಗೆ!

"ದೊಡ್ಡವ್ವಾ, ಇದನ್ನ ಬದಲಿ ಮಾಡಿ ಕೊಡು. ಬೇಕಾದ್ರ ಎರಡು ಸಣ್ಣವು ಕೊಡು, ನಡೀತೈತಿ."

"ಇದೇನ್ ನಿನ್ನ ಬೈಕಿನ ಅಂಗಡಿ ಏನಲೇ? ಬಂದದ್ದು ಬಂದೈತಿ. ಬಾಯಾಗ ಇಟ್ಕೊಂಡು ಜಗಿ."

ಜಗಿಯುವ ವಿದ್ಯೆಯಲ್ಲಿ ದೊಡ್ಡವ್ವ ಪಂಡಿತಳು. ಅವಳಿಗೆ ಓದು ಬರುತ್ತಿರಲಿಲ್ಲ. ಬೆಳಿಗ್ಗೆ ನನ್ನ ಮಗಳು ಮೇರಿಯ ಕೈಲಿ ಒಂದು ವಾಕ್ಯ ಓದಿಸಿಕೊಂಡು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಒಂದು ರೊಟ್ಟಿಗೆ ಒಂದು ಶಬ್ದ. ತಟ್ಟಿ, ತಿರುವಿ, ಉಬ್ಬುವ ತನಕ ಆ ಶಬ್ದವನ್ನೇ ಮೆಲ್ಲಗೆ ಹೇಳಿಕೊಳ್ಳುವಳು. ವಾಕ್ಯ ಮುಗಿಯದೆ ಒಲೆ ಆರುತ್ತಿರಲಿಲ್ಲ. ಇಂಥವನು ಇಂಥವನನ್ನು ಪಡೆದನು ಎಂಬ ವಂಶಾವಳಿ ಬಂದ ದಿನ ಮನೆಯಲ್ಲಿ ಹಿಟ್ಟೇ ಖಾಲಿ. ಹೆಚ್ಚಾದ ರೊಟ್ಟಿ ಓಣಿಗೆ ಹೋಗುತ್ತಿತ್ತು, ಅದರ ಜೊತೆಗೆ ವಾಕ್ಯವೂ. ಪಕ್ಕದ ಮನೆಯ ನೀಲಮ್ಮ ಗೋಡೆಯಾಚೆಯಿಂದ ಕೂಗುವಳು: "ಎಸ್ತರಮ್ಮಾ, ಇವತ್ತಿನ ವಾಕ್ಯ ಉದ್ದಂದೈತೇನು? ನಾ ಒಲಿ ಹಚ್ಚೋದು ಬಿಡ್ಲ್ಯಾ?"

ಆ ಬೇಸಿಗೆಯಲ್ಲಿ ಮೇರಿಗೆ ಲಿಂಗಸುಗೂರಿನಿಂದ ಸಂಬಂಧ ಬಂತು. ಅದಕ್ಕೂ ಮೊದಲು ಸಿಂಧನೂರಿನದೊಂದನ್ನು ನನ್ನ ಬಾಯಿ ಮುರಿದಿತ್ತು: ವರನ ಬೈಕು ನೋಡಿದವನೇ, ಯಾರೂ ಕೇಳದಿದ್ದರೂ ಅದಕ್ಕೆ ಬೆಲೆ ಕಟ್ಟಿಬಿಟ್ಟಿದ್ದೆ. ಇದೂ ಮುರಿದರೆ ಜನ ಹುಡುಗಿಯ ಮೇಲೆ ಮಾತಾಡುತ್ತಾರೆಂದು ಮನೆಯವರಿಗೆ ದಿಗಿಲು. ದೊಡ್ಡವ್ವ ಹಿಟ್ಟಿನ ಕೈಯಿಂದಲೇ ನನ್ನ ಜೇಬಿಗೆ ಚೀಟಿ ತುರುಕಿದಳು.

"ಮಾತಿಗೊಮ್ಮೆ ಇದನ್ನ ಪೂರ್ತಿ ಮನಸ್ಸಿನ್ಯಾಗ ಹೇಳ್ಕೊ. ಆಮ್ಯಾಲ ಬಾಯಿ ತೆಗಿ."

ವರನ ತಂದೆ ದೇವಪ್ಪ ಮಾಸ್ತರು ಬಂದು ಕೂತರು. "ಮದುವಿ ನಮ್ಮೂರಾಗ ಆಗಬೇಕ್ರಿ," ಎಂದರು.

ನಾನು ವಾಕ್ಯ ಜಗಿಯತೊಡಗಿದೆ. ಮಾಸ್ತರು ಕೆಮ್ಮಿದರು. "ಇಲ್ಲಂದ್ರ ಮಸ್ಕ್ಯಾಗ ಮಾಡ್ರಿ, ಏನಾತು." ಮತ್ತೆ ಜಗಿದೆ. "ಬಿರಿಯಾನಿ ಮಾಡಸ್ರಿ ಅನ್ನಾಂವಿದ್ದೆ... ಅನ್ನ ಸಾರಾದ್ರೂ ನಡೀತೈತಿ ಬಿಡ್ರಿ."

ಇಷ್ಟು ವರ್ಷ ಗಂಟಲು ಹರಿದುಕೊಂಡು ಬೆಲೆ ಇಳಿಸಿದ್ದಕ್ಕಿಂತ ಹೆಚ್ಚನ್ನು ಆ ಚೀಟಿ ಹತ್ತು ನಿಮಿಷದಲ್ಲಿ ಇಳಿಸಿತ್ತು. ಒಳಗೊಳಗೇ ಹಿಗ್ಗಿದೆ. ದೇವರ ವಾಕ್ಯವನ್ನು ಧಂದೆಗೆ ಹಚ್ಚಿದ್ದೆ, ಸುಳ್ಳೇಕೆ ಹೇಳಲಿ.

ಆ ಮೌನದ ನಡುವೆ, ಚಹಾ ಹಿಡಿದು ನಿಂತಿದ್ದ ಮೇರಿ ಬಾಯಿ ತೆರೆದಳು. "ನರ್ಸಿಂಗ್ ಇನ್ನೊಂದ್ ವರ್ಷ ಐತ್ರಿ. ಮುಗಿಸಿನ ಮದುವಿ ಆಗ್ತೀನಿ."

ಎಲ್ಲರೂ ನನ್ನ ಕಡೆ ನೋಡಿದರು. 'ಹುಡುಗಿ ಮಾತು ಬಿಡ್ರಿ, ಮುಂದಿನ ತಿಂಗಳೇ ಮಾಡೂಣು' ಎಂಬುದು ನಾಲಿಗೆ ತುದಿಗೆ ಬಂದಿತ್ತು. ಕುದುರಿದ ವ್ಯಾಪಾರವನ್ನು ಮುಂದೂಡಿದರೆ ಗಿರಾಕಿ ಕೈತಪ್ಪುತ್ತಾನೆ. ಧಂದೆಯ ಮೊದಲ ಪಾಠ ಅದು. ಆದರೆ ರೂಢಿಯಿಂದ ವಾಕ್ಯ ಶುರುಮಾಡಿಬಿಟ್ಟಿದ್ದೆ. ಕೇಳುವುದು ಎಂಬಲ್ಲಿಗೆ ಬಂದಾಗ ಹಲ್ಲಿಗೆ ಕಲ್ಲು ಸಿಕ್ಕಿತು. ಇದೇ ಮಾತನ್ನು ಅವಳು ನನ್ನ ಬೈಕಿನ ಹಿಂದೆ ಕೂತು ಮೂರು ಸಲ ಹೇಳಿದ್ದಳು. ಮೂರು ಸಲವೂ ನಾನು ಗಾಳಿಗೆ ಮುಖಕೊಟ್ಟು ಸಲಹೆ ಕೂಗಿದ್ದೆ.

"ಮಾಸ್ತರ್ರೀ," ಎಂದೆ, "ಆಕಿ ಹೇಳಿದ್ದೇ ನನ್ನ ಮಾತು ಅಂತ ತಿಳ್ಕೋರಿ. ಒಂದ್ ವರ್ಷ ಕಾದ್ರ ಮದುವಿ ನಿಮ್ಮೂರಾಗ. ಬಿರಿಯಾನಿ ನಂದು."

ಗೆದ್ದದ್ದನ್ನೆಲ್ಲ ವಾಪಸು ಕೊಟ್ಟಿದ್ದೆ. ಈಗ ಮಾಸ್ತರು ಸುಮ್ಮನಾದರು. ನನ್ನೆದುರು ಅಷ್ಟುಹೊತ್ತು ಅವರು ಪಟ್ಟ ಪಾಡು ಆಗ ತಿಳಿಯಿತು. ಕೊನೆಗೆ ಚಹಾ ಎತ್ತಿಕೊಂಡರು.

"ಬಿರಿಯಾನಿ ಅಂದ್ರ ಕಾಯಬಹುದು ಬಿಡ್ರಿ."

ದೊಡ್ಡವ್ವ ಆ ಮದುವೆಯ ಬಿರಿಯಾನಿ ಉಂಡು, ಕೆಲವು ತಿಂಗಳ ಮೇಲೆ ತೀರಿಕೊಂಡಳು. ನೀಲಮ್ಮ ಈಗ ದಿನಾ ಒಲೆ ಹಚ್ಚುತ್ತಾಳೆ. ಮೇರಿ ಲಿಂಗಸುಗೂರಿನಲ್ಲಿ ನರ್ಸು.

ಚೀಟಿ ಕೈಯಲ್ಲಿರುವಾಗಲೇ ಅವಳ ಫೋನು ಬಂತು. ಬಾಡಿಗೆ ಮನೆ ಬದಲಿಸುವ ಮಾತು. ಆ ವಿಷಯದಲ್ಲಿ ನನ್ನ ಹತ್ತಿರ ಸಲಹೆಗಳ ಮೂಟೆಯೇ ಇದೆ. ಚೀಟಿ ನೋಡಿ ಜಗಿದೆ.

"ಅಪ್ಪಾ? ಲೈನ್ ಕಟ್ ಆತೇನು?"

"ಇಲ್ಲವ್ವಾ, ಕೇಳಾಕತ್ತೀನಿ. ಹೇಳು."

ಎದುರಿಗಿದ್ದ ಗಿರಾಕಿ ಆ ಮೌನವನ್ನು ತನಗೇ ಎಂದುಕೊಂಡು, ತಾನೇ ಬೆಲೆ ಏರಿಸಿದ. ಮತ್ತೊಮ್ಮೆ ಏರಿಸಿದ. ನಾನು ಫೋನು ಕಿವಿಯಿಂದ ತೆಗೆಯದೆ, ಅವನು ಕೊಳ್ಳಬಂದ ಬೈಕಿನ ಸೈಲೆನ್ಸರ್ ಕಡೆ ಬೆರಳು ಮಾಡಿ ತೋರಿಸಿದೆ: ಹತ್ತಿರ ಕೈ ಹಿಡಿದು ನೋಡು.