ಹೊರಬೀಡಿನ ಲೆಕ್ಕ

ಗಣಿತವೆಂದರೆ ನನಗೆ ಇವತ್ತಿಗೂ ಸಿಟ್ಟು. ಹೆಣ್ಣುಮಕ್ಕಳ ಸಾಲಿಯಲ್ಲಿ ಅಕ್ಕೋರಾಗಿ ಮಗ್ಗಿ ಬಾಯಿಪಾಠ ಮಾಡಿಸಿಯೇ ಹೊಟ್ಟೆ ಹೊರೆದವಳು ನಾನು, ಆದರೂ ಸಿಟ್ಟು.

ಎಂಬತ್ತರ ದಶಕದ ಆರಂಭ. ಗಂಗಾವತಿಯ ಹಳೇ ಊರಿನ ಒಂದು ಓಣಿಯಲ್ಲಿ ಅಣ್ಣ, ವೈನಿ, ಅವರ ನಾಲ್ಕು ವರ್ಷದ ಮಗಳು ಮತ್ತು ನಾನು ಇದ್ದೆವು. ಅಣ್ಣ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ಮಗಳು ಬಹಳ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ನಡುಮನೆಯ ಗೋಡೆಗೆ ಕರಿ ಬಣ್ಣ ಬಳಿದು ಅವನು ಹಲಗೆ ಮಾಡಿಕೊಂಡಿದ್ದ. ಅವನು ಮೇಲೆ ಬರೆಯುತ್ತಿದ್ದರೆ ಇವಳು ಕೈಗೆಟುಕಿದಷ್ಟನ್ನು ಲಂಗದಿಂದ ಒರೆಸುತ್ತಿದ್ದಳು. ಏಟು ಹಾಗಿರಲಿ, ಅವಳಿಗೆ ಒಂದು ಗದರಿಕೆಯೂ ಬೀಳುತ್ತಿರಲಿಲ್ಲ.

ಆ ಮಳೆಗಾಲ ಕಾಲುವೆ ಕಡೆಯ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಅಣ್ಣನಿಗೆ ಒಂದೇ ಚಿಂತೆ, ಕೂಸನ್ನು ಉಳಿಸಿಕೊಳ್ಳುವುದು ಹೇಗೆ ಎಂದು. ಮಂದಿ ಹರಕೆ ಹೊತ್ತರೆ ಇವನು ಸಮೀಕರಣ ಹಿಡಿದು ಕೂತ. ಊರನ್ನು ಮೂರು ಗುಂಪು ಮಾಡಿದ: ಇನ್ನೂ ಬೀಳದವರು, ಬಿದ್ದವರು, ಎದ್ದವರು ಇಲ್ಲವೇ ಹೋದವರು. ಬಿದ್ದವನೊಬ್ಬ ದಿನಕ್ಕೆ ಎಷ್ಟು ಮಂದಿಯೊಡನೆ ಬೆರೆಯುತ್ತಾನೆ ಎಂಬುದರ ಮೇಲೆ ಎಲ್ಲ ನಿಂತಿದೆ ಎನ್ನುತ್ತಿದ್ದ. ಓಣಿ ಇಕ್ಕಟ್ಟಾದಷ್ಟೂ ಗೆರೆ ಏರುತ್ತದೆ, ಜನ ಚದುರಿದರೆ ಇಳಿಯುತ್ತದೆ. ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಹೆಂಗಸರು ಪರ ಗಂಡಸಿಗೆ ಹೇಳುತ್ತಿರಲಿಲ್ಲವಾದ್ದರಿಂದ ಕೇಳಿ ತರುವ ಕೆಲಸ ನನ್ನ ತಲೆಗೆ ಬಿತ್ತು. ಸಂಜೆ ನಾನು ಹೇಳಿದಂತೆ ಅವನು ಚುಕ್ಕಿ ಇಡುತ್ತಿದ್ದ. ಚುಕ್ಕಿಗಳೋ, ಅವನು ಮೊದಲೇ ಎಳೆದಿಟ್ಟ ಗೆರೆಯ ಮೇಲೆಯೇ ಬಂದು ಕೂರುತ್ತಿದ್ದವು. ಡಾಕ್ಟರು ಹೇಳಿದ್ದರೆಂದು ವೈನಿ ಕೂಸಿಗೆ ನೀರು ಕುದಿಸಿ ಆರಿಸಿಯೇ ಕೊಡುತ್ತಿದ್ದಳು. ಅದು ಅಡುಗೆಮನೆಯ ಮಾತಾಗಿತ್ತು. ಅಣ್ಣನ ಗೋಡೆಯಲ್ಲಿ ನೀರಿಗೆ ಜಾಗವೇ ಇರಲಿಲ್ಲ.

ಅಷ್ಟರಲ್ಲಿ ಹಿರಿಯರು ಸೇರಿ, ಊರ ದೇವಿಯ ಅಪ್ಪಣೆಯಾಗಿದೆ, ಹೊರಬೀಡು ಎಂದು ನಿಶ್ಚಯ ಮಾಡಿದರು. ಊರಿಗೆ ಬ್ಯಾನಿ ಬಂದಾಗ ನಮ್ಮ ಕಡೆ ಅದೊಂದು ರೂಢಿ. ಎಲ್ಲರೂ ಮನೆಗೆ ಕೀಲಿ ಹಾಕಿ, ದನಕರು ಹೊಡೆದುಕೊಂಡು ಊರು ಬಿಡಬೇಕು. ಹೊಲದಲ್ಲಿ ಅಡುಗೆ ಮಾಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳಬೇಕು. ಖಾಲಿ ಊರಿನಲ್ಲಿ ಹಿಡಿಯಲು ಯಾರೂ ಸಿಗದೆ ಬ್ಯಾನಿ ದಾಟಿ ಹೋಗುತ್ತದೆ ಎಂಬ ನಂಬಿಕೆ. ಮನೆಯ ಬೆಂಕಿ, ಮನೆಯ ನೀರು ಒಯ್ಯುವಂತಿಲ್ಲ, ಅದರ ಬೆನ್ನಿಗೆ ಬ್ಯಾನಿಯೂ ಬಂದೀತು.

ಅಣ್ಣ ಅಡ್ಡ ಬರುತ್ತಾನೆ ಎಂದುಕೊಂಡಿದ್ದೆ. ಅವನು ನೋಡಿದರೆ ಹಿರಿಯರು ಕೂತ ಕಟ್ಟೆಗೇ ಹೋಗಿ, ಎಲ್ಲರೂ ಹೋಗಲೇಬೇಕು, ದೂರ ದೂರ ಕೂತರೆ ಇನ್ನೂ ಛಲೋ ಎಂದು ಹೇಳಿ ಬಂದ. ಅವನ ಲೆಕ್ಕವೂ ದೇವಿಯ ಅಪ್ಪಣೆಯೂ ಒಂದೇ ಆಗಿಬಿಟ್ಟಿದ್ದವು. ಕಾಲೇಜಿನ ಮಾಸ್ತರರೇ ಹೂಂ ಅಂದ ಮೇಲೆ ಇನ್ನೇನು, ಇಂಥದ್ದಕ್ಕೆ ಮೂಗು ಮುರಿಯುತ್ತಿದ್ದ ಅಂಗಡಿಯವರು, ನೌಕರಿಯವರು ಕೂಡ ಹೊರಟರು.

ಹೊರಡುವಾಗ ವೈನಿ ಬಾಟ್ಲಿಯಲ್ಲಿ ಕುದಿಸಿದ ನೀರು ತುಂಬಿ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಓಣಿಯ ತುದಿಯಲ್ಲಿ ನೆರೆಮನೆಯ ಅಜ್ಜಿ ಕಂಡುಹಿಡಿದು ತಡೆದಳು. ವೈನಿ ಅಣ್ಣನ ಮುಖ ನೋಡಿದಳು.

"ಇರಲಿ ಬಿಡು, ಒಂದಿನದ ಮಾತು. ಮಂದಿ ಚದುರಿದ್ರ ಸಾಕು," ಅಂದ ಅಣ್ಣ.

ವೈನಿ ನೀರನ್ನು ಮಣ್ಣಿಗೆ ಸುರಿದಳು.

ಮಂದಿ ಚದುರಿದ್ದೇನೋ ಖರೆ. ಮರಕ್ಕೊಂದು ಸಂಸಾರ. ಆದರೆ ಕುಡಿಯಲು ಎಲ್ಲರಿಗೂ ಇದ್ದದ್ದು ಒಂದೇ ಕಾಲುವೆ. ಅಷ್ಟು ದಿನ ಬೇರೆ ಬೇರೆ ಬಾವಿಯ ನೀರು ಕುಡಿದ ಓಣಿಗಳು ಅವತ್ತು ಒಂದೇ ನೀರಿಗೆ ಬಂದವು. ರೋಗಿಗಳನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಂದವರು ಮೇಲುಗಡೆ ಇಳಿದು, ಅವರ ಬಟ್ಟೆಯನ್ನು ಅಲ್ಲಿಯೇ ಹಿಂಡಿದರು. ನಾವು ನೆರಳು ಚೆನ್ನಾಗಿದೆಯೆಂದು ಕೆಳಗಡೆ ಕೂತಿದ್ದೆವು. ಕುಣಿದಾಡಿ ಕುಣಿದಾಡಿ ಕೂಸಿಗೆ ನೀರಡಿಕೆಯಾಯಿತು. ಅಣ್ಣನೇ ಬೊಗಸೆಯಲ್ಲಿ ಕುಡಿಸಿದ.

ಮರುದಿನ ದಾಟುವುದರೊಳಗೆ ಓಣಿ ಓಣಿಯಲ್ಲೂ ಬ್ಯಾನಿ. ಕೂಸು ಬೆಳಿಗ್ಗೆ ವಾಂತಿ ಮಾಡಿತು, ಮಧ್ಯಾಹ್ನಕ್ಕೆ ಕಣ್ಣು ಗುಳಿ ಬಿದ್ದವು. ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ವೈನಿಯ ತೊಡೆಯ ಮೇಲೆಯೇ ಮಲಗಿಸಿ ಸಲಾಯಿನ್ ಹಚ್ಚಿದರು. ಅದು ಮುಗಿಯುವ ಮೊದಲೇ ಕೂಸು ಹೋಯಿತು. ನೀರು ನೀರು ಎನ್ನುತ್ತಲೇ ಹೋಯಿತು. ಹೆಚ್ಚು ಕೇಳಬೇಡಿ.

ವೈನಿ ಅಣ್ಣನಿಗೆ ಒಂದು ಮಾತೂ ಅನ್ನಲಿಲ್ಲ. ಬಾಯಿಗೆ ಬಂದಂತೆ ಬೈದುಬಿಟ್ಟಿದ್ದರೆ ಇಬ್ಬರೂ ಕೂಡಿ ಬಾಳುತ್ತಿದ್ದರೇನೋ. ಯಲಬುರ್ಗಾ ಕಡೆಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅಣ್ಣ ಗೋಡೆ ಒರೆಸಿ ಮೊದಲಿನಿಂದ ಬರೆದ. ಈ ಸಲ ನೀರನ್ನೂ ಸೇರಿಸಿದ. ಎಷ್ಟು ಮಂದಿ ಒಂದೇ ನೀರಿಗೆ ಬಾಯಿ ಹಚ್ಚುತ್ತಾರೆ ಎಂಬುದಕ್ಕೆ ಒಂದೇ ಒಂದು ಅಕ್ಷರ. ಅದು ಸೇರಿದ್ದೇ ತಡ, ಹೊರಬೀಡಿನ ನಂತರದ ಚುಕ್ಕಿಗಳೆಲ್ಲ ಗೆರೆಗೆ ಬಂದು ಕೂತವು. ಅದರಲ್ಲೊಂದು ಚುಕ್ಕಿ ನಮ್ಮ ಕೂಸು. ಇಷ್ಟೇ ಇತ್ತಲ್ಲೋ ದೇವರೇ ಎಂದು ನಾನು ಆ ಗೋಡೆಗೇ ಹಣೆ ಹಚ್ಚಿ ಅತ್ತೆ.

ಮರುವರ್ಷ ಇರಕಲ್ಲಗಡದ ಆಚೆಯ ಒಂದು ಹಳ್ಳಿಯಲ್ಲಿ ವಾಂತಿಭೇದಿಯಂತೆ, ಹೊರಬೀಡು ಹೊರಡುತ್ತಾರಂತೆ ಎಂದು ಸುದ್ದಿ ಬಂತು. ಅಣ್ಣ ಬಸ್ಸು ಹತ್ತಿದ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿದೆ. ಹಿರಿಯರು ಚಾವಡಿಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಹೋಗುವುದಾದರೆ ಹೋಗಿ, ಆದರೆ ಹಳ್ಳದ ನೀರು ಮುಟ್ಟಬೇಡಿ, ಮನೆಯಲ್ಲಿ ಕುದಿಸಿದ್ದನ್ನೇ ಒಯ್ಯಿರಿ ಎಂದು ಅಣ್ಣ ಕೈ ಮುಗಿದು ಬೇಡಿಕೊಂಡ. ನಡುವೆ ಕೂತಿದ್ದ ಹಿರಿಯನೊಬ್ಬ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಕೇಳಿದ.

"ಹೋದ ವರ್ಷ ನಿಮ್ಮೂರಾಗ ಎಲ್ಲಾರ್ನೂ ಎಬ್ಬಿಸಿ ಹೊರಡಿಸಿದವರು ನೀವ ಅಲ್ಲೇನ್ರಿ ಮಾಸ್ತರ?"

"ಹೌದ್ರಿ. ನಾನ."

"ನಿಮ್ಮ ಕೂಸನ್ನ ಉಳಿಸ್ಕೊಳ್ಳಾಕ ಆಗಲಿಲ್ಲ ನಿಮಗ. ನಿಮ್ಮ ಲೆಕ್ಕ ನಾವು ಹ್ಯಾಂಗ ನಂಬೂಣ್ರಿ?"

ಅವನ ದನಿಯಲ್ಲಿ ಕುಹಕವಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದ. ಬಂದವರಿಗೆ ನೀರು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಒಳಗಿನಿಂದ ತಂಬಿಗೆ ಬಂತು, ಹಳ್ಳದ ನೀರು, ತಳದಲ್ಲಿ ಕೆಂಪು ಮಣ್ಣು. ನಾನು ಅಣ್ಣನ ಮೊಣಕೈ ಹಿಡಿದೆ. ಅವನು ನನ್ನ ಕೈ ಬಿಡಿಸಿ, ತಂಬಿಗೆ ಎತ್ತಿ, ಮಣ್ಣು ಸಮೇತ ಕುಡಿದು ಮುಗಿಸಿದ.

ಮನೆಗೆ ಬಂದು ಹಿತ್ತಲ ಬಾಗಿಲ ಬಳಿ ಚಾಪೆ ಹಾಸಿಕೊಂಡು ಮಲಗಿ, ಬ್ಯಾನಿ ಬರುವುದನ್ನೇ ಕಾದ. ವಾಂತಿಯಾಗಲಿಲ್ಲ, ಹೊಟ್ಟೆ ಕೂಡ ನೋಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಎದ್ದು ಸ್ನಾನ ಮಾಡಿ ಕಾಲೇಜಿಗೆ ಹೋದ. ಅದೇ ಬೆಳಿಗ್ಗೆ ಆ ಹಳ್ಳಿಯವರು ಮನೆಗಳಿಗೆ ಕೀಲಿ ಹಾಕಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹಳ್ಳದ ಕಡೆ ಹೊರಟರು.