ಡಮ್ಮಿಗಿರುವ ಒಂದೇ ಮಾತು

ಅಕ್ಕೋರ ಬಲಗೈಯ ಮೂರು ಬೆರಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಹದಿಮೂರು ಇಸ್ಪೀಟ್ ಎಲೆಯನ್ನು ಎಡಗೈಯಲ್ಲಿ ಬೀಸಣಿಗೆಯಂತೆ ಹಿಡಿದು, ಆಡಬೇಕಾದ ಎಲೆಯನ್ನು ಹೆಬ್ಬೆರಳಿನಿಂದಲೇ ಹೊರಕ್ಕೆ ತಳ್ಳುತ್ತಿದ್ದರು. ಯಾರಾದರೂ ನೆರವಿಗೆಂದು ಕೈ ಚಾಚಿದರೆ, "ಕೈ ತಗೀರಿ, ನನ್ನ ಎಲಿ ನೋಡಾಕ ಬಂದೀರೇನು?" ಎಂದು ಗದರುತ್ತಿದ್ದರು.

ಸಿಂದಗಿಯ ನಮ್ಮ ಬ್ರಿಜ್ ಕ್ಲಬ್ಬು ಎಂದರೆ ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ, ನಾಲ್ಕು ಮೇಜು, ತಿಂಗಳ ಮೊದಲ ಭಾನುವಾರ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಅಕ್ಕೋರೇ ಅದನ್ನು ಕಟ್ಟಿದ್ದು. ನಾನು ಅವರ ಹಳೆಯ ವಿದ್ಯಾರ್ಥಿ, ಈಗ ವಕೀಲ. ಆಟದಲ್ಲಿ ಅವರ ಜೋಡಿ. ಇಸ್ಪೀಟ್ ಎಂದ ಕೂಡಲೇ ಊರು ಅಂದರ್-ಬಾಹರ್ ಜೂಜು ಎಂದುಕೊಂಡು ಮೂಗು ಮುರಿದಿತ್ತು. ಅದಕ್ಕೇ ಅಕ್ಕೋರು ಕೋಣೆಯ ಬಾಗಿಲನ್ನು ಎಂದೂ ಮುಚ್ಚಗೊಡಲಿಲ್ಲ. ಇಣುಕಿ ನೋಡಲು ಬಂದ ಪಶುವೈದ್ಯರು ಮುಂದಿನ ತಿಂಗಳು ಹೆಂಡತಿ ಸಮೇತ ಸದಸ್ಯರಾದರು. ಪ್ರತಿ ತಿಂಗಳೂ ಒಂದೊಂದು ಮನೆಯವರದು ಬುತ್ತಿಯ ಪಾಳಿ: ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಆಟದಲ್ಲಿ ಜಗಳಾಡಿದ ಜೋಡಿಯನ್ನು ಒಂದೇ ತಟ್ಟೆಯಲ್ಲಿ ಉಣ್ಣಿಸುವುದು ಅಕ್ಕೋರು ವಿಧಿಸುತ್ತಿದ್ದ ಶಿಕ್ಷೆ. ಆ ಶಿಕ್ಷೆಯನ್ನು ನಾನು ಅವರೊಂದಿಗೇ ಹಲವು ಸಲ ಉಂಡಿದ್ದೇನೆ.

ಬ್ರಿಜ್‌ನಲ್ಲಿ ಎದುರುಬದುರು ಕೂತವರು ಜೋಡಿ. ಒಬ್ಬರು ಆಡುವಾಗ ಇನ್ನೊಬ್ಬರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ತೆರೆದಿಟ್ಟು, ಡಮ್ಮಿಯಾಗಿ, ಬಾಯಿ ಮುಚ್ಚಿ ಕೂರಬೇಕು. ಒಂದು ಮಾತಿಗೆ ಮಾತ್ರ ಅಪ್ಪಣೆ. ಆಟೀನ್, ಕಳಾವರ್ ಹೀಗೆ ಯಾವ ಜಾತಿಯ ಎಲೆ ಬೀಳುತ್ತದೋ, ಕೈಯಲ್ಲಿದ್ದರೆ ಅದೇ ಜಾತಿಯದನ್ನು ಹಾಕಬೇಕು. ಆಟೀನ್ ಬಿದ್ದಾಗ ಜೋಡಿ ಆಟೀನ್ ಬಿಟ್ಟು ಬೇರೇನೋ ಹಾಕಿದರೆ, "ಆಟೀನ್ ಇಲ್ಲೇನ್ರಿ?" ಎಂದು ಕೇಳಬಹುದು. ಆಗಲೇ ಕೇಳಿದರೆ ತಪ್ಪನ್ನು ತಿದ್ದಿಕೊಳ್ಳಬಹುದು, ಇಲ್ಲದಿದ್ದರೆ ದಂಡ.

ಎರಡು ವರ್ಷದ ಹಿಂದೆ ಮುದ್ದೇಬಿಹಾಳದವರು ನಮ್ಮಲ್ಲಿಗೆ ಆಡಲು ಬಂದಿದ್ದರು. ಕೊನೆಯ ಆಟದಲ್ಲಿ ನಾನು ಡಮ್ಮಿ. ಆಟೀನ್ ಬಿತ್ತು, ಅಕ್ಕೋರು ಕಳಾವರ್ ಹಾಕಿದರು. ಕೈತುಂಬ ಆಟೀನ್ ಇದೆಯೆಂದು ಆಟದ ಮೊದಲಲ್ಲೇ ಕೂಗಿದವರು ಅವರು. ಅದರಲ್ಲಿ ಒಂದೂ ಇನ್ನೂ ಹೊರಬಿದ್ದಿರಲಿಲ್ಲ. ಆದರೂ ನಾನು ಕೇಳಲಿಲ್ಲ. ಕೋರ್ಟಿನಲ್ಲಿ ಯಾರಿಗೂ ಜಗ್ಗದವನು ನಾನು, ಅಷ್ಟು ಜನರೆದುರು ಅಕ್ಕೋರ ತಪ್ಪು ತೋರಿಸಲು ಮಾತ್ರ ನಾಲಿಗೆ ಏಳಲಿಲ್ಲ. ಎರಡು ಸುತ್ತಿನ ನಂತರ ಅವರ ಕೈಯಿಂದಲೇ ಆಟೀನ್ ರಾಣಿ ಹೊರಬಂತು. ದಂಡ ಬಿತ್ತು, ನಾವು ಸೋತೆವು.

ಅತಿಥಿಗಳು ಹೋದ ಮೇಲೆ ಅಕ್ಕೋರು ನನ್ನನ್ನು ಹಿಡಿದು ನಿಲ್ಲಿಸಿದರು. "ಯಾಕ ಕೇಳಲಿಲ್ಲೋ ತಮ್ಮಾ?"

"ನಿಮಗ ಹ್ಯಾಂಗ ಕೇಳ್ಲಿರಿ ಅಕ್ಕೋರ..."

"ಮರ್ಯಾದಿ ಕೊಟ್ಟಿಯೇನು ನನಗ? ಜೋಡಿಯಾಗಿ ಕೂತಾಂವ ಎಚ್ಚರ ಕೊಡಬೇಕೋ!" ಆಮೇಲೆ ದನಿ ಇಳಿಸಿದರು. "ಇತ್ತಿತ್ಲಾಗ ಮರಿಯಾಕತ್ತೇನಿ. ಮನ್ಯಾಗೂ ಹಂಗ ಆಗೇತಿ. ಇನ್ನ ಆಟ ಸಾಕು ಅನ್ನೂದು ಮಂದಿ ಬಾಯಿಂದ ಕೇಳಾಕ ನನಗ ಆಗಂಗಿಲ್ಲ. ಹೊತ್ತು ಬಂದಾಗ ನೀನ ಹೇಳ್ಬೇಕು. ಮಾತು ಕೊಡು."

ಕೊಟ್ಟೆ. ಅಂದಿನಿಂದ ಅವರ ಎಲೆ ತಪ್ಪಿದಾಗಲೆಲ್ಲ ಕೇಳುತ್ತಲೂ ಬಂದೆ. ಮೊದಮೊದಲು ತಿಂಗಳಿಗೊಮ್ಮೆ, ಬರಬರುತ್ತ ಆಟಕ್ಕೊಮ್ಮೆ. ಅವರು ಎಲೆ ಬದಲಿಸಿ ನಗುತ್ತಿದ್ದರು. ಆಮೇಲೊಂದು ಭಾನುವಾರ, ಮಿಕ್ಕೆಲ್ಲವನ್ನೂ ಹೊಡೆಯುವ ಹುಕುಂ ಜಾತಿ ಯಾವುದೆಂದು ಒಂದೇ ಆಟದಲ್ಲಿ ನಾಲ್ಕು ಸಲ ಕೇಳಿದರು. ಹೊತ್ತು ಬಂದಿತ್ತು. ನಾನು ಮುಂದಿನ ತಿಂಗಳು ಹೇಳಿದರಾಯಿತು ಎಂದುಕೊಂಡೆ. ಆ ತಿಂಗಳೂ ಹಾಗೇ ಅಂದುಕೊಂಡೆ. ಮುಂದೂಡುವುದನ್ನು ವಕೀಲನಿಗೆ ಯಾರೂ ಕಲಿಸಬೇಕಿಲ್ಲ.

ಕೊನೆಗೆ ಒಂದು ದಿನ ಅವರನ್ನು ಮನೆಗೆ ಬಿಡಲು ಹೋದಾಗ, ಸ್ಕೂಟರ್ ನಿಲ್ಲಿಸಿ, "ಅಕ್ಕೋರ, ಇನ್ನ ಸಾಕ್ರಿ" ಎಂದೆ. ಹೇಳಿದವನೇ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ.

ಅವರು ಅಳಲಿಲ್ಲ. "ಮೂರು ತಿಂಗಳು ತಡಾ ಮಾಡಿದಿ," ಎಂದರು. "ಹುಕುಂ ನಾಕ ಸಲ ಕೇಳಿದ ದಿನಾನ ನನಗ ಗೊತ್ತಾಗಿತ್ತು. ನಿನ್ನ ಬಾಯಿಂದ ಬರ್ಲಿ ಅಂತ ಕಾಯಾಕತ್ತಿದ್ದೆ."

ಈ ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರಿಗೆ ನನ್ನ ಹೆಸರೂ ನೆನಪಿರಲಿಲ್ಲ, ಶಾಲೆಯೂ ಕ್ಲಬ್ಬೂ ನೆನಪಿರಲಿಲ್ಲ. ಆದರೂ ನಾನು ಹೋಗಿ ಬಾಗಿಲಲ್ಲಿ ನಿಂತರೆ ಮಗಳನ್ನು ಕೂಗುತ್ತಿದ್ದರು: "ಇಂವ ನನಗ ಖರೇ ಹೇಳಾಂವ ಐದಾನವ್ವ. ಒಳಗ ಕರಿ."