ಒಬ್ಬನೇ ತಂದೆಗೆ ‘ಆರ್’

ಗೆಳೆಯರೇ, ನನ್ನ ಮಗಳು ಇಂದು ಚಿತ್ರದುರ್ಗದಲ್ಲಿ ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆ ಬರೆದಳು. ತಾಯಿ ತೀರಿಕೊಂಡ ದಿನದಿಂದ ಅವಳಿಗಿರುವುದು ಇದೊಂದೇ ಹಂಬಲ. ಹಿರಿಯೂರಿನಿಂದ ಬರುವಾಗ ಬಸ್ಸಿನಲ್ಲೂ ಅವಳು, "ಮೈ ಫಾದರ್ ಆರ್ ಸ್ಟ್ರಿಕ್ಟ್" ಎಂದೇ ಒಪ್ಪಿಸುತ್ತಿದ್ದಳು.

"ತಂದೆ ಒಬ್ಬನೇ. ‘ಈಸ್’ ಅನ್ನು!" ಎಂದು ಗದರಿದೆ.

"ನಿಮಗೆ ಏಕವಚನ ಹೆಂಗ್ ಹಾಕ್ಲಿ ಅಪ್ಪಾ? ಬೈತೀರಿ!"

ಪಕ್ಕದ ಸೀಟಿನಲ್ಲಿದ್ದ ಅಜ್ಜಿಯೊಬ್ಬರು, "ಹುಡುಗಿ ಹೇಳಾದು ಸರಿಯಾಗೇ ಐತೆ ಬಿಡ್ರಿ" ಎಂದು ತೀರ್ಪು ಕೊಟ್ಟರು.

ಪರೀಕ್ಷೆಯಲ್ಲಿ ತಂದೆಯ ಬಗ್ಗೆಯೇ ಐದು ಇಂಗ್ಲಿಷ್ ವಾಕ್ಯ ಕೇಳಿದ್ದರಂತೆ. ಹೊರಬಂದವಳು ತಲೆ ತಗ್ಗಿಸಿ, "ಐದು ಕಡೆನೂ ‘ಈಸ್’ ಅಂತಾನೇ ಬರ್ದೀನಿ. ತಪ್ಪು ತಿಳ್ಕೋಬ್ಯಾಡ್ರಿ" ಎಂದಳು. ನನ್ನ ಎದೆಯ ಭಾರ ಇಳಿಯಿತು.

ಕಾಲೇಜಿನ ಚರ್ಚಾಕೂಟದಲ್ಲಿ ಒಮ್ಮೆ ನನಗೆ ಏಕವಚನ ಬಳಸಿದ ಎದುರಾಳಿಯಿಂದ ಕ್ಷಮೆ ಕೇಳಿಸಿದ್ದ ನಾನು, ಐದು ಸಲ ಬಳಸಿದವಳಿಗೆ ಮಸಾಲೆದೋಸೆ ಕೊಡಿಸಿದೆ.